ಸಾಲು ಎತ್ತಿಕೊಳ್ಳುವವರು

ನಾನು ನಿವೃತ್ತನಾದ ದಿನ ಶಾಲೆಯ ಸಭೆಯಲ್ಲಿ ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು. ಹೊರಗಿನಿಂದ ಕಾರವಾರಕ್ಕೆ ಬಂದ ಎಷ್ಟೋ ಜನರಿಗೆ ನಮ್ಮ ನೆಲದ ಹಾಡಿನ ರುಚಿ ಹಚ್ಚಿದವರು ಈ ಮಾಸ್ತರ್ರು ಅಂತ. ಎದುರಿಗೇ ಕೂತಿದ್ದ ನನ್ನ ಹೆಂಡತಿ ಸುಲಭಾಗೆ ಆಗಲೇ ಕೆಮ್ಮು ಬಂತು. ಆ ಕೆಮ್ಮಿನ ಅರ್ಥ ನನಗೆ ಗೊತ್ತು. ಹಾಗಾಗಿ ಉತ್ತರ ಭಾಷಣವನ್ನು ಚುಟುಕಾಗಿ ಮುಗಿಸಿ ಹಾರ ತೆಗೆದಿಟ್ಟು ಕೂತೆ.

ಈಗ ಹೊಸದಾಗಿ ಸಂಗೀತ ಶಿಕ್ಷಕರಾಗಿ ಸೇರಿದವರು ಆಗೀಗ ಮನೆಗೆ ಬಂದು, ಜಾನಪದ ಸಂಗೀತವನ್ನು ಏನೂ ಗೊತ್ತಿಲ್ಲದವರಿಗೆ ಹೇಗೆ ಪರಿಚಯಿಸುವುದು ಸರ್ ಅಂತ ಕೇಳುತ್ತಾರೆ. ಹೇಗೆ ಪರಿಚಯಿಸಬಾರದು ಎನ್ನುವುದು ನನಗೆ ಚೆನ್ನಾಗಿ ಗೊತ್ತಿದೆ. ಅದನ್ನೇ ಬರೆಯುತ್ತೇನೆ. ಬಡ್ತಿಯ ವಿಷಯ ಇದರಲ್ಲಿ ಬರುವುದಿಲ್ಲ. ಸಂಗೀತ ಮಾಸ್ತರನಾಗಿ ಸೇರಿದವನು ಸಂಗೀತ ಮಾಸ್ತರನಾಗಿಯೇ ಹೊರಗೆ ಬಂದೆ. ಅಷ್ಟರಮಟ್ಟಿಗೆ ನನ್ನ ವೃತ್ತಿಯಲ್ಲಿ ಅಪಸ್ವರ ಇಲ್ಲ.

ನಾನು ಕಲಿತದ್ದು ಹಾರ್ಮೋನಿಯಂ. ಮನೆಯಲ್ಲಿ ಆಡುವುದು ಕೊಂಕಣಿ, ಚಿಕ್ಕಂದಿನಿಂದ ಕೇಳಿದ್ದು ಮರಾಠಿ ನಾಟಕದ ಪದ ಮತ್ತು ಗುರುವಾರದ ಭಜನೆ, ಸಂಬಳ ಮಾತ್ರ ಕನ್ನಡದ್ದು. ಜಾನಪದ ಅಂದರೆ ನನಗೆ ಶಾಲಾ ಸ್ಪರ್ಧೆಯ ಒಂದು ವಿಭಾಗ. ಮಕ್ಕಳ ತಲೆಗೆ ರುಮಾಲು, ಹೆಗಲಿಗೆ ಕಂಬಳಿ, ಮೂಗಿನ ಕೆಳಗೆ ಮಸಿಯ ಮೀಸೆ, ಹಿಂದೆ ನನ್ನ ಹಾರ್ಮೋನಿಯಂ. ಗಂಜಿ, ಮೀನು ಉಂಡು ಬೆಳೆದ ಮಕ್ಕಳು ಜೋಳದ ರೊಟ್ಟಿಯ ಹಾಡು ಹೇಳಿ ಬಹುಮಾನ ತರುತ್ತಿದ್ದರು. ಶಾಲೆಯ ಕಪಾಟಿನಲ್ಲಿ ಕಪ್ಪುಗಳು ತುಂಬಿದವು. ಶಾಲೆಯಿಂದ ಬಸ್ಸು ಹತ್ತಿದರೆ ಸಿಗುವ ಕೇರಿಗಳಲ್ಲಿ ಏನು ಹಾಡುತ್ತಾರೆ ಅಂತ ಆ ಕಪ್ಪು ಕೊಟ್ಟವರೂ ಕೇಳಲಿಲ್ಲ, ತೆಗೆದುಕೊಂಡವನೂ ಕೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆ ಹೊರಗಿನವರು ಹೆಚ್ಚಾದರು. ರೈಲು ಬಂತು, ನೌಕಾನೆಲೆಯ ಕೆಲಸ ಬಂತು, ಬ್ಯಾಂಕುಗಳಿಗೆ ದೂರದ ಊರುಗಳಿಂದ ವರ್ಗವಾಗಿ ಬಂದರು. ಶಿರವಾಡದ ಕಡೆ ಬಾಡಿಗೆ ಮನೆಗಳೆಲ್ಲ ತುಂಬಿದವು. ನಮ್ಮ ಹೆಡ್‌ಮಾಸ್ತರ್ರಿಗೆ ಯಾವಾಗಲೂ ಏನಾದರೂ ಹೊಸದು ಶುರು ಮಾಡುವ ಹುಕಿ. ಶುರು ಮಾಡುವುದು ಅವರು, ಮುಂದುವರಿಸುವುದು ಬೇರೆಯವರು.

"ಮಾಸ್ತರ್ರೆ, ಹೊರಗಿಂದ ಬಂದವ್ರಿಗೆ ನಮ್ಮ ಹಾಡು ಗೊತ್ತಾಗ್ಬೇಕು. ಭಾನುವಾರ ನೀವು ಖಾಲಿ ಅಲ್ಲಾ?" ಅಂದರು.

ಭಾನುವಾರ ನಾನು ಖಾಲಿ ಅಂತ ಇವರಿಗೆ ಯಾರು ಹೇಳಿದರು ಅಂತ ಯೋಚಿಸುವಷ್ಟರಲ್ಲಿ ಶಾಲೆಯ ಗೋಡೆಯ ಮೇಲೆ ಫಲಕ ಬಂದಾಗಿತ್ತು: ಜಾನಪದ ಸಂಗೀತ ಪರಿಚಯ ವರ್ಗ, ಎಲ್ಲರಿಗೂ ಸ್ವಾಗತ.

ಮೊದಲ ಭಾನುವಾರ ಕೋಣೆ ತುಂಬಿತ್ತು. ಬ್ಯಾಂಕಿನವರು, ರೈಲ್ವೆಯವರು, ಅವರ ಮನೆಯ ಹೆಂಗಸರು ಬಂದಿದ್ದರು. ನಾನು ಜಾನಪದ ಎಂಬ ಶಬ್ದದ ವ್ಯಾಖ್ಯಾನದಿಂದ ಆರಂಭಿಸಿದೆ. ವ್ಯಾಖ್ಯಾನಗಳು ಬಹಳ ಇದ್ದವು. ಒಂದನ್ನೂ ಬಿಡಲಿಲ್ಲ. ಚಹಾ ಬರುವ ಹೊತ್ತಿಗೆ ಇನ್ನೂ ಪ್ರಾಸ್ತಾವಿಕದಲ್ಲೇ ಇದ್ದೆ. ಎರಡನೆಯ ಭಾನುವಾರ ಅರ್ಧ ಕೋಣೆ. ಅದರ ಮುಂದಿನ ವಾರಗಳಲ್ಲಿ ಎದುರಿನ ಬೆಂಚಿನವರೂ ಬರಲಿಲ್ಲ. ತಪ್ಪದೆ ಬರುತ್ತಿದ್ದವಳು ಸೌಮ್ಯ ಒಬ್ಬಳೇ. ಮೈಸೂರು ಕಡೆಯ ಹುಡುಗಿ, ಬ್ಯಾಂಕಿನಲ್ಲಿ ಕೆಲಸ. ಊರಲ್ಲಿ ಅಜ್ಜಿಯ ಜೊತೆ ದೇವರನಾಮ ಹೇಳಿ ಬೆಳೆದವಳು. ಒಂದು ದಿನ ಅವಳೇ ಮೆಲ್ಲಗೆ ಕೇಳಿದಳು.

"ಸರ್, ಹಾಡು ಯಾವಾಗ ಶುರುವಾಗತ್ತೆ?"

ಆ ಪ್ರಶ್ನೆಯಿಂದ ನನಗೆ ಅವಮಾನವಾಯಿತು. ಹಾಗಾಗಿ ಮುಂದಿನ ವಾರ ವಾದ್ಯವನ್ನೇ ತರಿಸಿ ತೋರಿಸುತ್ತೇನೆ ಅಂತ ಘೋಷಿಸಿದೆ. ಬೊಬ್ರುವಾಡದ ಒಂದು ಕೇರಿಯಲ್ಲಿ ಬೀರಣ್ಣ ಅಂತ ಒಬ್ಬ ರೈತ ಗುಮಟೆ ಬಾರಿಸುತ್ತಾನೆಂದು ತಿಳಿದು, ಹೋಗಿ ಕೇಳಿ ತಂದೆ. ಗುಮಟೆ ಅಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತಾರೆ, ಸಣ್ಣ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ದನಿ ಹೊರಡಿಸುತ್ತಾರೆ. ಸುಗ್ಗಿಯ ಬಿಸಿಲಿನಲ್ಲಿ ಬಾರಿಸುವ ವಾದ್ಯ ಅದು. ನಾನು ತಂದದ್ದು ಆಷಾಢದ ಮಳೆಯಲ್ಲಿ. ಶಾಲೆಗೆ ಬರುವಷ್ಟರಲ್ಲಿ ಚರ್ಮ ಮೆತ್ತಗಾಗಿ, ಬಡಿದರೆ ಉಸ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಆ ದಿನವೇ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ವರ್ಗ ನೋಡಲು ಬರುವವರಿದ್ದರು. ಚರ್ಮವನ್ನು ಬೆಂಕಿಗೆ ಹಿಡಿದರೆ ಬಿಗಿಯಾಗುತ್ತದೆ ಅಂತ ಬೀರಣ್ಣ ಹೇಳಿದ್ದು ನೆನಪಾಯಿತು. ಸಾಹೇಬರ ಸಲುವಾಗಿ ಹೆಡ್‌ಮಾಸ್ತರ್ರು ಬಿಸಿಯೂಟದ ಅಡುಗೆಯವಳಿಂದ ಉಪ್ಪಿಟ್ಟು ಮಾಡಿಸುತ್ತಿದ್ದರು. ಸೀದಾ ಅಲ್ಲಿಗೆ ಹೋದೆ.

"ಉಪ್ಪಿಟ್ಟು ಇಳ್ಸಿ ಮಡಕೆ ಇಡೂದಾ ಮಾಸ್ತರ್ರೆ?" ಅಂದಳು ಅಡುಗೆಯವಳು.

ಇಡು ಅಂದೆ. ಬೀರಣ್ಣ ಹೇಳಿದ್ದು ಹುಲ್ಲಿನ ಬೆಂಕಿ. ನಾನು ಹಿಡಿದದ್ದು ಗ್ಯಾಸಿನ ಒಲೆಗೆ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಹಾರ್ಮೋನಿಯಂ ಕಲಿತವನ ಕಿವಿ ಸುಮ್ಮನಿರಬೇಕಲ್ಲ. ಗುಮಟೆಯನ್ನು ನನ್ನ ಪೆಟ್ಟಿಗೆಯ ಶ್ರುತಿಗೆ ಕೂಡಿಸಲೇಬೇಕು ಅಂತ ಹಟ ಹಿಡಿದೆ. ಬಡಿದು ನೋಡುವುದು, ಇನ್ನೂ ಸ್ವಲ್ಪ ಕೆಳಗಿದೆ ಅನ್ನುವುದು, ಮತ್ತೆ ಉರಿಗೆ ಹಿಡಿಯುವುದು. ಕೊನೆಗೆ ಅದು ಬೇಕಾದ ಸ್ವರಕ್ಕೆ ಬಂತು, ಅಲ್ಲಿ ನಿಲ್ಲದೆ ಮುಂದಕ್ಕೆ ಹೋಗಿ ಫಟ್ ಅಂತ ಹರಿಯಿತು. ಮಡಕೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಸದ್ದು ಕೇಳಿ ಬಾಗಿಲಿಗೆ ಬಂದ ಸಾಹೇಬರು ಚೂರುಗಳನ್ನು ನೋಡಿ ಇದೇನು ಅಂದರು.

"ಗುಮಟೆ ಅಂತ ನಮ್ಮ ಕಡೆಯ ಒಂದು ವಾದ್ಯ ಇತ್ತು ಸರ್," ಅಂದರು ಹೆಡ್‌ಮಾಸ್ತರ್ರು.

ಒಡೆದ ವಾದ್ಯಕ್ಕೆ ಬದಲು ಕೊಡಬೇಕಲ್ಲ. ಅಂಕೋಲೆಯ ಪೇಟೆಯಲ್ಲಿ ಒಳ್ಳೆಯ ಮಡಕೆಯೊಂದನ್ನು ಆರಿಸಿ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬೊಬ್ರುವಾಡಕ್ಕೆ ಹೋದೆ. ಬೀರಣ್ಣ ಅದನ್ನು ಸುತ್ತ ತಿರುಗಿಸಿ ನೋಡಿದ. ಒಡೆದದ್ದಕ್ಕೆ ಸಿಟ್ಟು ಮಾಡಲಿಲ್ಲ.

"ಚಲೋ ಮಡಕೆ ಮಾಸ್ತರ್ರೆ. ನೀರು ತಣ್ಣಗಿರ್ತದೆ," ಅಂದ.

ಒಂದೇ ಬಾಯಿಯ ಮಡಕೆ ತಂದಿದ್ದೆ. ಅವನು ನಗುತ್ತಾ ಅದನ್ನು ಒಳಗೆ ತೆಗೆದುಕೊಂಡು ಹೋದ. ನಾನು ಜಗಲಿಯ ಮೇಲೆ ಕೂತಿದ್ದಾಗ ಹಿತ್ತಿಲಿನಿಂದ ಹಾಡು ಕೇಳಿಸಿತು. ಬೀರಣ್ಣನ ಹೆಂಡತಿ ಮಾದೇವಕ್ಕ ತೆಂಗಿನ ಗರಿಯ ಕಡ್ಡಿ ಸೀಳಿ ಕಸಬರಿಗೆ ಕಟ್ಟುತ್ತಾ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ದಪ್ಪ ದನಿ, ಎಲ್ಲೂ ಅಲುಗದ ದನಿ. ಇಷ್ಟು ವರ್ಷ ಇದನ್ನು ಕೇಳದೆ ನಾನು ಏನು ಮಾಡುತ್ತಿದ್ದೆ ಅನ್ನಿಸಿತು. ಆದರೆ ಒಂದು ದೋಷ ಕಂಡಿತು. ಒಂದು ಸಾಲು ಹಾಡುತ್ತಾಳೆ, ಸುಮ್ಮನಾಗುತ್ತಾಳೆ. ಸುಮಾರು ಒಂದು ಸಾಲು ಹಾಡುವಷ್ಟು ಹೊತ್ತು ಬರೀ ಕಡ್ಡಿ ಸೀಳುವ ಸದ್ದು. ಆಮೇಲೆ ಮುಂದಿನ ಸಾಲು. ಶಿಕ್ಷಕನ ಬುದ್ಧಿ ಕೂಡಲೇ ರೋಗ ಕಂಡುಹಿಡಿಯಿತು.

"ಮಾದೇವಕ್ಕ, ನಿಮಗೆ ಉಬ್ಬಸದ ತೊಂದರೆ ಇದೆಯಾ?" ಅಂದೆ.

"ಇಲ್ಲಲ್ಲ. ಎಂತಕೆ?"

ಉಸಿರು ಸಾಲುತ್ತಿಲ್ಲ, ನಡುವೆ ನಿಲ್ಲಿಸುತ್ತೀರಿ ಅಂತ ವಿವರಿಸಿ, ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ ಉಸಿರೆಳೆಯುವ ಪ್ರಾಣಾಯಾಮವನ್ನು ಅಲ್ಲೇ ಮಾಡಿ ತೋರಿಸಿದೆ. ಅವಳು ಕೈಕೆಲಸ ಬಿಟ್ಟು ಗಮನವಿಟ್ಟು ನೋಡಿದಳು.

"ಶೀತ ಆದದ್ದು ನಿಮ್ಗೇ ಕಾಣ್ತದೆ ಮಾಸ್ತರ್ರೆ. ಕಷಾಯ ಮಾಡ್ಕೊಡ್ತೆ ಇರಿ," ಅಂದಳು.

ಕಷಾಯ ಕುಡಿದೆ. ಕುಡಿಯುತ್ತಲೇ ಭಾನುವಾರದ ವರ್ಗಕ್ಕೆ ಬಂದು ಹಾಡಬೇಕೆಂದು ಕೇಳಿದೆ. ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿಸುವುದಾದರೆ ಬರುತ್ತೇನೆ ಅಂದಳು. ತನ್ನ ದನಿಯ ಬಗ್ಗೆ ಅವಳಿಗೆ ಸಂಕೋಚ ಏನೂ ಇರಲಿಲ್ಲ. ಈ ಸುತ್ತಿನಲ್ಲಿ ತನ್ನಷ್ಟು ಹಾಡು ಬರುವವರು ಯಾರೂ ಇಲ್ಲ ಅಂತ ಅವಳೇ ಹೇಳಿದಳು. ಆಮೇಲೆ "ಒಬ್ಬಳ್ ಬಿಟ್ಟು," ಅಂತ ಸೇರಿಸಿದಳು. ಆ ಒಬ್ಬಳು ಯಾರು ಅಂತ ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ಆ ಭಾನುವಾರ ವರ್ಗಕ್ಕೆ ಮತ್ತೆ ಜನ ಬಂದಿದ್ದರು. ಸೌಮ್ಯ ಬ್ಯಾಂಕಿನವರನ್ನೆಲ್ಲ ಕರೆತಂದಿದ್ದಳು. ಮಾದೇವಕ್ಕ ಹಸಿರು ಸೀರೆಯುಟ್ಟು, ಕಾಲು ಮಡಚಿ ಕೂತು, ಮದುವೆಯಲ್ಲಿ ಎಣ್ಣೆ ಹಚ್ಚುವಾಗಿನ ಹಾಡಿನ ಮೊದಲ ಸಾಲು ಹೇಳಿದಳು. ಕೋಣೆಯೇ ತುಂಬಿಹೋಯಿತು. ಹೇಳಿ ನಿಲ್ಲಿಸಿ ಎಡಕ್ಕೆ ತಿರುಗಿ ನೋಡಿದಳು. ಎಡಗಡೆ ಯಾರೂ ಇರಲಿಲ್ಲ. ಹಾಡು ಮುಗಿಯಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಗಾಬರಿಯಿಂದ ಅದೇ ಸಾಲನ್ನು ಮತ್ತೆ ಹೇಳಿ ನಿಲ್ಲಿಸಿದಳು. ಮತ್ತೆ ಚಪ್ಪಾಳೆ.

"ಮುಂದೆ ಹೇಳಿ ಮಾದೇವಕ್ಕ," ಅಂದೆ.

"ಎತ್ಕಂಬವ್ರು ಎಲ್ಲಿ ಮಾಸ್ತರ್ರೆ? ಎತ್ಕಳ್ಳದೇ ಮುಂದೆ ಹೆಂಗೆ ಹೋಗೂದು?"

ಆಗ ಗೊತ್ತಾದದ್ದು. ಅವರ ಹಾಡಿನಲ್ಲಿ ಒಬ್ಬಳು ಸಾಲು ಕೊಡುತ್ತಾಳೆ, ಇನ್ನೊಬ್ಬಳು ಅದೇ ಸಾಲನ್ನು ಎತ್ತಿಕೊಂಡು ಹೇಳುತ್ತಾಳೆ. ಎತ್ತಿಕೊಂಡ ಮೇಲೆಯೇ ಅದು ಹಾಡು. ಹಿತ್ತಿಲಿನಲ್ಲಿ ಅವಳು ನಿಲ್ಲಿಸುತ್ತಿದ್ದದ್ದು ಉಸಿರಿಗಲ್ಲ, ಎತ್ತಿಕೊಳ್ಳುವವಳ ಸಾಲಿಗೆ ಜಾಗ ಬಿಟ್ಟು. ಅದಕ್ಕೆ ನಾನು ಮೂಗು ಹಿಡಿದು ಪ್ರಾಣಾಯಾಮ ಹೇಳಿಕೊಟ್ಟಿದ್ದೆ.

ಜನ ಕಾಯುತ್ತಿದ್ದರು. ನಾನೇ ಎತ್ತಿಕೊಳ್ಳುತ್ತೇನೆ ಅಂತ ಹಾರ್ಮೋನಿಯಂ ಎಳೆದುಕೊಂಡೆ. ಅವಳು ಕೊಟ್ಟ ಸಾಲನ್ನು ಪೆಟ್ಟಿಗೆಯಲ್ಲಿ ನುಡಿಸಿ, ಬರೀ ಹಾಗೇ ಕೊಟ್ಟರೆ ಚೆನ್ನಾಗಿರುವುದಿಲ್ಲ ಅಂತ ಕೊನೆಗೆ ಒಂದು ಸಣ್ಣ ತಾನ ಸೇರಿಸಿದೆ. ಮುಂದಿನ ಸಾಲಿಗೆ ಇನ್ನೂ ಸ್ವಲ್ಪ ದೊಡ್ಡ ತಾನ. ಅವಳು ಹಾಡು ನಿಲ್ಲಿಸಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ನಾ ಕೊಟ್ಟದ್ದು ಒಂದು, ನೀವ್ ತಿರ್ಗಿ ಕೊಡೂದು ಒಂದು. ಚಾ ಬರ್ಲಿ ಮಾಸ್ತರ್ರೆ."

ಚಹಾ ಕುಡಿಯುತ್ತಾ ಅವಳು ಸಂಗತಿ ಹೇಳಿದಳು. ಎತ್ತಿಕೊಳ್ಳುವವಳು ಹೊನ್ನಕ್ಕ, ಅವಳ ಓರಗಿತ್ತಿ, ಅಂದರೆ ಬೀರಣ್ಣನ ದೊಡ್ಡಪ್ಪನ ಮಗ ಹಮ್ಮಣ್ಣನ ಹೆಂಡತಿ. ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಆ ಕೇರಿಗೆ ಸೊಸೆಯರಾಗಿ ಬಂದವರು, ಬಂದಂದಿನಿಂದ ಜೋಡಿಯಾಗಿ ಹಾಡಿದವರು. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಹಮ್ಮಣ್ಣ ತೀರಿಕೊಂಡ. ವರ್ಷ ತುಂಬಿದ ಮೇಲೆ ಮಂಜಗುಣಿಯಲ್ಲಿದ್ದ ಅವರ ದಾಯಾದಿಗಳ ಮನೆಯಲ್ಲಿ ಮದುವೆ. ಎಣ್ಣೆಯ ಹಾಡಿನಲ್ಲಿ ಬಟ್ಟಲು ಹಿಡಿದವರು ಯಾರು ಅಂತ ಕೇಳಿ, ಮನೆತನದ ಹಿರಿಯರ ಹೆಸರನ್ನು ಒಂದೊಂದಾಗಿ ಹೇಳುತ್ತಾ ಹೋಗಬೇಕು. ಹಮ್ಮಣ್ಣನ ಜಾಗ ಬಂದಾಗ ಮಾದೇವಕ್ಕ ಅವನ ಹೆಸರು ಬಿಟ್ಟು ಮುಂದಿನವನ ಹೆಸರು ಹೇಳಿದಳು. ಹೊನ್ನಕ್ಕ ಆ ಸಾಲನ್ನು ಎತ್ತಿಕೊಳ್ಳಲಿಲ್ಲ. ತುಂಬಿದ ಚಪ್ಪರದಲ್ಲಿ ಎದ್ದು ಹೊರಟುಹೋದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಶುಭ ಕಾರ್ಯದಲ್ಲಿ ಹೋದವ್ರು ಬಟ್ಲ ಹಿಡೂದು ಹೆಂಗೆ? ಅದ್ಕೇ ಬಿಟ್ಟೆ. ಅದ್ಕೆ ಅಷ್ಟ್ ಜನರ ಎದ್ರು ನನ್ನ ಸಾಲು ಬೀಳ್ಸಿ ಹೋಗೂದಾ?" ಅಂದಳು ಮಾದೇವಕ್ಕ. ಆಮೇಲೆ ದನಿ ಇಳಿಯಿತು. "ನಮ್ಮ ನಾಗವೇಣಿ ಮದಿ ದೀಪಾವಳಿ ಆದ್ಮೇಲೆ. ಬೇರೆವ್ರು ಎತ್ಕಳ್ತ್ರು, ಹೆಸರು ಬಂದ್ರೆ ತಪ್ಪಿಸ್ತ್ರು. ಇದ್ದೊಬ್ಬಳು ಮಗಳಿಗೆ ಹಾಡಿಲ್ದೇ ಎಣ್ಣಿ ಹಚ್ಬೇಕಾ ಅಂತ ನಂಗೆ ನಿದ್ದಿಲ್ಲ ಮಾಸ್ತರ್ರೆ."

ಇಲ್ಲಿ ಸುಮ್ಮನಿರುವವನು ಜಾಣ. ನಾನು ಆ ಜಾತಿಯವನಲ್ಲ. ಆಗಷ್ಟೇ ಶಾಲೆಗೆ ಹೊಸ ಟೇಪ್ ರೆಕಾರ್ಡರ್ ಬಂದಿತ್ತು. ಪಾಠದ ವಿಧಾನ ಬದಲಾಗಬೇಕು, ಯಂತ್ರ ಬಳಸಬೇಕು ಅಂತ ಮೇಲಿನವರು ಬರೆಯುತ್ತಲೇ ಇದ್ದರು. ಹೊನ್ನಕ್ಕನ ದನಿಯನ್ನು ಅವಳ ಮನೆಯಲ್ಲೇ ಹಿಡಿದು ತಂದು, ಮಾದೇವಕ್ಕ ಸಾಲು ಕೊಟ್ಟ ಕೂಡಲೇ ಗುಂಡಿ ಒತ್ತಿದರೆ ಆಯಿತಲ್ಲ ಅಂತ ನನ್ನ ಲೆಕ್ಕ. ಇಬ್ಬರೂ ಮುಖ ನೋಡಬೇಕಿಲ್ಲ. ಈ ಉಪಾಯವನ್ನು ಕೇಳಿ ಹೆಡ್‌ಮಾಸ್ತರ್ರು ನನ್ನ ಬೆನ್ನು ತಟ್ಟಿದರು. ಆಗಲೇ ನಾನು ಎಚ್ಚರವಾಗಬೇಕಿತ್ತು.

ಹೊನ್ನಕ್ಕ ಅಂಗಳದಲ್ಲಿ ಕೂತು ಹೊಳೆಯ ಬಳಚಿನ ಚಿಪ್ಪು ಬಿಡಿಸಿ ಮಾಂಸ ತೆಗೆಯುತ್ತಿದ್ದಳು. ಸಣಕಲು ಮೈ, ಚುರುಕು ಕಣ್ಣು. ಪೂರ್ತಿ ಕೇಳಿಸಿಕೊಂಡಳು.

"ಮಾದೇವಿ ಕೊಡದೇ ನಾ ಎತ್ಕಂಬುದು ಎಂತದ್ನ? ಗಾಳೀನಾ?" ಅಂದಳು. ಟೇಪ್ ರೆಕಾರ್ಡರನ್ನು ಚಿಪ್ಪು ಹಿಡಿದ ಕೈಯಿಂದಲೇ ತೋರಿಸಿ, "ನಾ ದನಿ ಎಳದ್ರೆ ಇದು ಎಳೀತದ್ಯಾ? ನಂಗೆ ಅಳು ಬಂದ್ರೆ ಇದು ತಡೀತದ್ಯಾ?" ಅಂತ ಕೇಳಿದಳು.

ಮಾತು ಬದಲಿಸಲು ಹೋಗಿ ಇನ್ನೂ ದೊಡ್ಡ ಹಳ್ಳಕ್ಕೆ ಬಿದ್ದೆ. ಅಂದು ಹಾಡಿನಲ್ಲಿ ಬಿಟ್ಟುಹೋದ ಹೆಸರು ಯಾವುದು, ಒಮ್ಮೆ ಹೇಳಿ, ದಾಖಲೆಗಿರಲಿ ಅಂದೆ.

"ನಮ್ಮನೆವ್ರದ್ದು."

"ಅದೇ, ಹೆಸರು ಹೇಳಿ. ಟೇಪು ಓಡ್ತಾ ಇದೆ."

ಅವಳ ಕೈ ನಿಂತಿತು. "ಗಂಡನ ಹೆಸ್ರು ಬಾಯಲ್ಲಿ ಹೇಳ್ತ್ರಾ ಮಾಸ್ತರ್ರೆ? ನಿಮ್ಮನೇಲಿ ಹೇಳ್ತ್ರಾ?"

ಅವಳು ಚಿಪ್ಪಿನ ಕಡೆ ನೋಡುತ್ತಲೇ ಹೇಳಿದಳು.

"ಮದಿಯಾಗಿ ಬಂದಾಗಿಂದ ನಾ ಅವ್ರ ಹೆಸ್ರು ಹೇಳದ್ದು ಹಾಡ್ನಲ್ಲೇ. ಯಾರ ಮನೆ ಮದಿ ಆದ್ರೂ ಒಂದ್ ಸಲ ಸಿಕ್ತಿತ್ತು. ಮಾದೇವಿ ಕೊಡ್ತಿತ್ತು, ನಾ ಎತ್ಕಳ್ತಿದ್ದೆ. ಹೋದವ್ರು ಅಂತ ಅದ್ನ ತೆಗೀತು. ಇನ್ ನಾ ಎಲ್ಲಿ ಹೇಳೂದು?"

ಟೇಪು ನಿಲ್ಲಿಸಿದೆ. ಎದ್ದು ಬಂದೆ. ಬಸ್ಸಿನಲ್ಲಿ ಕೂತಾಗ ನನ್ನ ಮೇಲೆ ನನಗೇ ನಾಚಿಕೆಯಾಯಿತು. ಮನೆಗೆ ಬಂದವನೇ ಸುಲಭಾಳನ್ನು ಕೇಳಿದೆ, ನೀನು ಯಾವತ್ತಾದರೂ ನನ್ನ ಹೆಸರು ಹೇಳಿದ್ದೀಯಾ ಅಂತ. ಅವಳು ಅಕ್ಕಿ ಆರಿಸುವುದನ್ನು ಬಿಡಲಿಲ್ಲ.

"ಈಗ ಗೊತ್ತಾಯ್ತಾ ನಿಮಗೆ? ರೇಷನ್ ಅಂಗ್ಡೀಲಿ ಕೇಳಿದ್ರೆ ಪಕ್ಕದ್ಮನೆಯವಳ ಹತ್ರ ಹೇಳಸ್ತೆ," ಅಂದಳು.

ಇಷ್ಟು ವರ್ಷ ಸ್ವರಜ್ಞಾನಿ ಅಂತ ಬೀಗಿದವನಿಗೆ ತನ್ನ ಮನೆಯೊಳಗೆ ಒಂದು ಹೆಸರು ಕೇಳಿಸುತ್ತಿಲ್ಲ ಅನ್ನುವುದೇ ಕೇಳಿಸಿರಲಿಲ್ಲ.

ಗುಟ್ಟು ನನ್ನಲ್ಲಿ ನಿಲ್ಲುವುದಿಲ್ಲ. ಮಾದೇವಕ್ಕನಿಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಅವಳು ಕಟ್ಟುತ್ತಿದ್ದ ಕಸಬರಿಗೆಯನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ನಂಗೆ ಹೊಳೀಲೇ ಇಲ್ಲ," ಅಂದಳು ಆಮೇಲೆ. "ನಂಗೆ 'ಇವ್ರು' ಮನೇಲೇ ಇದ್ರು, ಅದ್ಕೇ ಹೊಳೀಲಿಲ್ಲ. ಆದ್ರೂ ಮಾಸ್ತರ್ರೆ, ಹುಡುಗಿ ತಲೀಗೆ ಎಣ್ಣಿ ಹಾಕೂವಾಗ ಹೋದವ್ರು ಬಂದು ಬಟ್ಲ ಹಿಡದ್ರು ಅಂತ ನಾ ಹೆಂಗೆ ಹಾಡ್ಲಿ? ನಾಳೆ ಹುಡುಗೀಗೆ ಎಂತಾರೂ ಆದ್ರೆ?"

ಉತ್ತರ ಇಲ್ಲದಾಗ ನಾನು ತರಬೇತಿ ಏರ್ಪಡಿಸುತ್ತೇನೆ. ಸೌಮ್ಯಳನ್ನು ಎತ್ತಿಕೊಳ್ಳುವವಳನ್ನಾಗಿ ತಯಾರು ಮಾಡೋಣ ಅಂದೆ. ಪಾಪ, ಮಾದೇವಕ್ಕ ಒಪ್ಪಿಕೊಂಡಳು. ಬೇರೆ ದಾರಿಯಿರಲಿಲ್ಲ. ವರ್ಗಕ್ಕೆ ಬರುತ್ತಿದ್ದ ಉಳಿದವರು ಗೋಡೆಗೆ ಒರಗಿ ಕೇಳುತ್ತಾ ಕೂರುತ್ತಿದ್ದರು. ವ್ಯಾಖ್ಯಾನ ಹೇಳುತ್ತಿದ್ದ ಕಾಲಕ್ಕಿಂತ ಈಗ ಜನ ಹೆಚ್ಚಾಗಿದ್ದರು. ಸೌಮ್ಯಳ ದನಿ ಇಂಪಾಗಿತ್ತು, ಬೇಗ ಕಲಿತಳು. ತೊಂದರೆ ಬಂದದ್ದು ಹೆಸರುಗಳಲ್ಲಿ. ಆ ಮನೆಯ ದೊಡ್ಡಪ್ಪ ಚಿಕ್ಕಪ್ಪಂದಿರು ಯಾರು, ಮಾವ ಯಾರು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಒಬ್ಬಳೇ ಹೆದರುತ್ತಾಳೆ ಅಂತ ಜೊತೆಗೆ ನಾನೂ ಹಾಡುವುದೆಂದಾಯಿತು. ಹಾಗೆ ತೀರ್ಮಾನಿಸಿದವನು ನಾನೇ.

ಮದುವೆಯ ಮನೆಯಲ್ಲಿ ಎಣ್ಣೆ ಹಚ್ಚುವ ಬೆಳಿಗ್ಗೆ ಅಂಗಳದ ಚಪ್ಪರ ತುಂಬಿತ್ತು. ನಾಗವೇಣಿ ಮಣೆಯ ಮೇಲೆ ತಲೆತಗ್ಗಿಸಿ ಕೂತಿದ್ದಳು. ಮಾದೇವಕ್ಕ ಬಲಕ್ಕೆ, ಸೌಮ್ಯ ಮತ್ತು ನಾನು ಎಡಕ್ಕೆ, ನಮ್ಮ ಮುಂದೆ ಹಾರ್ಮೋನಿಯಂ. ಸೌಮ್ಯ ಹೆಸರುಗಳನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ನನಗೆ ಎಳ್ಳಷ್ಟೂ ಅಳುಕಿರಲಿಲ್ಲ. ಹೊನ್ನಕ್ಕ ಬಂದಿದ್ದಳು. ಮಗಳಂಥ ಹುಡುಗಿಯ ಮದುವೆಗೆ ಬರದಿರುವುದು ಹೇಗೆ? ಆದರೆ ಚಪ್ಪರದ ಕಂಬಕ್ಕೆ ಒರಗಿ, ಮುಖ ಆಚೆ ತಿರುಗಿಸಿ, ಎಲೆಯಡಿಕೆಯ ಕವಳ ಜಗಿಯುತ್ತಾ ಕೂತಿದ್ದಳು.

ಮಾದೇವಕ್ಕ ಮೊದಲ ಸಾಲು ಕೊಟ್ಟಳು. ಸೌಮ್ಯ ಎತ್ತಿಕೊಂಡಳು, ದನಿ ಸಣ್ಣದಾದರೂ ಸರಿಯಾಗಿಯೇ. ಎರಡನೆಯ ಸಾಲೂ ಹಾಗೇ ದಾಟಿತು. ಹೆಸರುಗಳು ಶುರುವಾದವು. ಅಪ್ಪ ಬೀರಣ್ಣ ಹಿಡಿದಾನೆ ಅನ್ನುವ ಹೊತ್ತಿಗೆ ಸೌಮ್ಯ ನನ್ನ ಮುಖ ನೋಡತೊಡಗಿದಳು. ಮುಂದಿನ ಸಾಲು ಮಾದೇವಕ್ಕನ ತಮ್ಮನದು.

"ಎಣ್ಣೀಯ ಬಟ್ಟಲು ಹಿಡಿದೋರು ಯಾರ್ಯಾರು, ಮಾವ ಸುಬ್ರಾಯ ಹಿಡಿದಾನೆ."

ಸೌಮ್ಯ ತಡವರಿಸಿದಳು. ನಾನು ಧೈರ್ಯವಾಗಿ ಎತ್ತಿಕೊಂಡೆ. ಹಿಂದಿನ ಸಾಲು ನಾಲಿಗೆಯ ಮೇಲೆ ಉಳಿದಿತ್ತು ಕಾಣುತ್ತದೆ.

"ಅಪ್ಪ ಸುಬ್ರಾಯ ಹಿಡಿದಾನೆ," ಅಂತ ಗಟ್ಟಿಯಾಗಿ ಹಾಡಿ, ಅದರ ಮೇಲೆ ಒಂದು ತಾನವನ್ನೂ ಹಾಕಿದೆ.

ಎಣ್ಣೆಯ ಬಟ್ಟಲು ಹಿಡಿದಿದ್ದ ಸುಬ್ರಾಯನ ಕೈ ಅಲ್ಲೇ ನಿಂತಿತು. ಬೀರಣ್ಣ ಚಪ್ಪರದ ನಡುವೆ ನಿಂತು ತನ್ನ ಭಾವಮೈದುನನ ಮುಖ ನೋಡಿದ. ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಚಪ್ಪರ ನಕ್ಕಿತು. ಮಾದೇವಕ್ಕ ನಗಲಿಲ್ಲ. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಇದ್ದೊಬ್ಬ ಮಗಳ ಎಣ್ಣೆಯ ಹಾಡು ನನ್ನಿಂದ ನಗೆಪಾಟಲಾಗಿತ್ತು. ಆಗ ಕಂಬದ ಬಳಿಯಿಂದ ಹೊನ್ನಕ್ಕ ಎದ್ದಳು. ಕವಳ ಉಗಿದು ಬಂದಳು, ನೇರವಾಗಿ ನನ್ನ ಮುಂದೆ ನಿಂತಳು.

"ಏಳಿ ಮಾಸ್ತರ್ರೆ. ಹುಡುಗಿ ಅಪ್ಪನ್ನೇ ಬದ್ಲ್ ಮಾಡದ್ರಲ್ಲ ನೀವು."

ಎದ್ದೆ.

"ಪೆಟ್ಗೀನೂ ತಕಂಡ್ ಹೋಗಿ. ತಂಗಿ, ನೀ ಕೂತ್ಕ. ನನ್ನ ಬೆನ್ನಿಗೆ ಹೇಳು, ಸಾಕು."

ಹಾರ್ಮೋನಿಯಂ ಹೊತ್ತು ಚಪ್ಪರದ ಹೊರಗೆ ಬಂದೆ. ಚಪ್ಪಲಿ ಬಿಟ್ಟ ಜಾಗದಲ್ಲಿ ಸ್ವಲ್ಪ ನೆರಳಿತ್ತು. ಅಲ್ಲಿ ಪೆಟ್ಟಿಗೆಯ ಮೇಲೆಯೇ ಕೂತೆ. ಒಳಗೆ ಮಾದೇವಕ್ಕ ಸುಬ್ರಾಯನ ಸಾಲನ್ನು ಮತ್ತೆ ಕೊಟ್ಟಳು. ಅದು ಮುಗಿಯುವ ಮೊದಲೇ ಹೊನ್ನಕ್ಕನ ದನಿ ಅದರ ಕೆಳಗಿನಿಂದ ಎದ್ದಿತು. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಹಿಡಿಯಿತು ಅಂತ ನನ್ನ ಕಿವಿಗೆ ಗೊತ್ತಾಗಲಿಲ್ಲ. ಜಾನಪದಕ್ಕೆ ನಾನು ಸಲ್ಲಿಸಿದ ಸೇವೆ ಅಂತ ಏನಾದರೂ ಇದ್ದರೆ, ಅಂದು ನಾನು ಅಷ್ಟು ಕೆಟ್ಟದಾಗಿ ಹಾಡಿದ್ದು. ಇನ್ನೊಂದು ಸ್ವಲ್ಪ ಚೆನ್ನಾಗಿ ಹಾಡಿದ್ದರೂ ಹೊನ್ನಕ್ಕ ಕಂಬ ಬಿಟ್ಟು ಏಳುತ್ತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಮಾದರಿ ಅಂತ ಹೇಳಲಾರೆ.

ಇಬ್ಬರೂ ಮುಖ ಮಾತ್ರ ನೋಡಿಕೊಳ್ಳುತ್ತಿರಲಿಲ್ಲ. ಮಾವಂದಿರ ಹೆಸರು ಮುಗಿಯಿತು. ಚಿಕ್ಕಪ್ಪನ ಹೆಸರು ಬಂತು. ಇನ್ನು ದೊಡ್ಡಪ್ಪನದು. ಕೇರಿಯವರಿಗೆಲ್ಲ ಆ ಜಾಗ ಗೊತ್ತಿತ್ತು. ಒಲೆಯ ಬಳಿ ಸೌಟು ಹಿಡಿದವರೂ ಚಪ್ಪರದ ಅಂಚಿಗೆ ಬಂದು ನಿಂತರು. ನಾನೂ ಪೆಟ್ಟಿಗೆಯಿಂದ ಎದ್ದು ನಿಂತೆ. ಮಾದೇವಕ್ಕ ಒಮ್ಮೆ ಮಗಳ ತಲೆಯನ್ನು ನೋಡಿದಳು, ಆಮೇಲೆ ಮೊದಲ ಬಾರಿ ಹೊನ್ನಕ್ಕನ ಕಡೆ ತಿರುಗಿದಳು.

"ಎಣ್ಣೀಯ ಬಟ್ಟಲು ಹಿಡಿದೋರು ಯಾರ್ಯಾರು, ಹಮ್ಮಣ್ಣ ದೊಡ್ಡಪ್ಪನ ಮನೆಯೋರು."

ಬಟ್ಟಲು ಹಿಡಿದದ್ದು ಮನೆಯವರು, ಹೆಸರು ಮಾತ್ರ ಅವನದು. ಎಷ್ಟು ದಿನ ಕಸಬರಿಗೆ ಕಟ್ಟುತ್ತಾ ಆ ಸಾಲನ್ನು ಕೂಡಿಸಿದ್ದಳೋ ಅವಳಿಗೇ ಗೊತ್ತು.

ಹೊನ್ನಕ್ಕ ಕೂಡಲೇ ಎತ್ತಿಕೊಳ್ಳಲಿಲ್ಲ. ಸೌಮ್ಯ ಬಾಯಿ ತೆರೆದವಳು ಸುಮ್ಮನಾದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಕೆಮ್ಮಲಿಲ್ಲ. ಆಮೇಲೆ ಹೊನ್ನಕ್ಕ ಎತ್ತಿಕೊಂಡಳು. ಹೆಸರಿನ ನಡುವೆ ದನಿ ಒಡೆಯಿತು, ಅರ್ಧವೇ ಕೇಳಿಸಿತು. ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ಹಾಡಿನಲ್ಲಿ ಎತ್ತಿಕೊಂಡ ಹೆಸರನ್ನು ಮತ್ತೆ ಕೊಡುವ ಕ್ರಮವಿಲ್ಲ. ಮುಂದಿನ ಹೆಸರಿಗೆ ಹೋಗಬೇಕು. ಮಾದೇವಕ್ಕ ಹೋಗಲಿಲ್ಲ. ಕೈ ಚಾಚಿ ಹೊನ್ನಕ್ಕನ ಮೊಣಕಾಲಿನ ಮೇಲೆ ಇಟ್ಟು, ಅದೇ ಸಾಲನ್ನು ಇನ್ನೊಮ್ಮೆ ಕೊಟ್ಟಳು. ಈ ಸಲ ಹೊನ್ನಕ್ಕ ಗಂಡನ ಹೆಸರನ್ನು ಅವಸರವಿಲ್ಲದೆ, ಪೂರ್ತಿಯಾಗಿ, ಚಪ್ಪರದ ಆಚೆಗೂ ಕೇಳುವಂತೆ ಹೇಳಿದಳು.